ಸಿಸಾಳ ಕಥೆ, ಸಿಸಾಳ ಕಡೆಯಿಂದ: ಉಪಪಾತ್ರವೊಂದರ ಸುತ್ತ ಚಿತ್ರಕಥೆ ಕಟ್ಟುವ ಕ್ರಮ

‘ಭೀಷ್ಮ ವಿಜಯ’ ಪ್ರಸಂಗದ ತಾಳಮದ್ದಳೆಯನ್ನು, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವನ್ನು, ಒಂದು ರಾತ್ರಿಯಾದರೂ ಕೂತು ಕೇಳಿದವರಿಗೆ ಈ ಬರಹದ ವಿಷಯ ಅರ್ಧ ಗೊತ್ತಿರುವಂಥದ್ದೇ. ಮಹಾಭಾರತದ ಹರವಿನಲ್ಲಿ ಅಂಬೆಗೆ ಸಿಕ್ಕಿರುವ ಜಾಗ ದೊಡ್ಡದಲ್ಲ. ಭೀಷ್ಮನ ಕಥೆಯ ದಾರಿಗೆ ಅಡ್ಡ ಬಂದು, ಅವನ ಸಾವಿಗೆ ಬೇಕಾದ ಕಾರಣವನ್ನು ಬಿತ್ತಿ ಹೋಗುವವಳು ಅವಳು. ಆದರೆ ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುವ ನಮ್ಮ ಕರಾವಳಿಯ ಅರ್ಥಧಾರಿಗಳ ಬಾಯಲ್ಲಿ ಅದೇ ಅಂಬೆ ಬಹಳ ಹೊತ್ತು ವಾದಿಸುತ್ತಾಳೆ, ಸಾಲ್ವನ ಬಾಗಿಲಿನಿಂದ ತಿರುಗಿ ಬಂದ ಹೆಣ್ಣಿಗೆ ಇನ್ನು ಯಾವ ಮನೆ ಉಳಿಯಿತೆಂದು ಕೇಳುತ್ತಾಳೆ, ಭೀಷ್ಮನ ಪ್ರತಿಜ್ಞೆಗೆ ಬೆಲೆ ತೆತ್ತವರು ಯಾರೆಂಬುದನ್ನು ಸಭೆಯ ಮುಂದಿಡುತ್ತಾಳೆ. ಹಾಗಿದ್ದೂ ಒಳ್ಳೆಯ ಅರ್ಥಧಾರಿ ಭಾಗವತರು ಹಾಡುವ ಪದ್ಯವನ್ನು ಮೀರುವುದಿಲ್ಲ. ಪದ್ಯ ಹೇಳಿದ ಘಟನೆಗಳು ಹಾಗೆಯೇ ನಿಲ್ಲುತ್ತವೆ, ಬೆಳೆಯುವುದು ಅರ್ಥ ಮಾತ್ರ. ಕಾದಂಬರಿಯ ಉಪಪಾತ್ರವೊಂದನ್ನು ಎತ್ತಿಕೊಂಡು ಕಿರುಚಿತ್ರಕ್ಕೆ ಚಿತ್ರಕಥೆ ಬರೆಯಲು ಹೊರಟಿರುವ ಉಡುಪಿ, ಮಂಗಳೂರಿನ ಎಳೆಯರಿಗೆ ನಾನು ಮೊದಲು ಹೇಳುವುದು ಇದನ್ನೇ: ಈ ವಿದ್ಯೆಯ ಮನೆಪಾಠ ನಿಮಗೆ ಈಗಾಗಲೇ ಆಗಿದೆ, ಅದನ್ನು ನೆನಪಿಸಿಕೊಂಡು ಕೆಲಸ ಶುರುಮಾಡಿ.

ಉದಾಹರಣೆಗೆಂದು ನಾನು ಆರಿಸಿಕೊಂಡಿರುವುದು ದೂರದ ಒಬ್ಬ ತಾಯಿಯನ್ನು. ಫಿಲಿಪೈನ್ಸ್‌ನ ಹೋಸೆ ರಿಸಾಲ್ ಸ್ಪ್ಯಾನಿಷ್ ಭಾಷೆಯಲ್ಲಿ ಬರೆದು, 1887ರಲ್ಲಿ ಬರ್ಲಿನ್‌ನಲ್ಲಿ ಅಚ್ಚು ಹಾಕಿಸಿದ ‘ನೋಲಿ ಮೆ ತಾಂಗೆರೆ’ ಕಾದಂಬರಿಯಲ್ಲಿ ಸಿಸಾ ಎಂಬ ಬಡ ಹೆಂಗಸು ಬರುತ್ತಾಳೆ. ಕಾದಂಬರಿಯ ಮುಖ್ಯ ಕಥೆ ಯುರೋಪಿನಿಂದ ಊರಿಗೆ ಮರಳಿದ ಇಬಾರ್ರಾ ಎಂಬ ಸಿರಿವಂತ ತರುಣನದು. ಸಿಸಾ ಬರುವುದು ಕೆಲವೇ ಅಧ್ಯಾಯಗಳಲ್ಲಿ. ಸ್ಪೇನ್‌ನ ಆಡಳಿತ 1896ರ ಡಿಸೆಂಬರ್ 30ರಂದು ಮನಿಲಾದಲ್ಲಿ ರಿಸಾಲನನ್ನು ಗುಂಡಿಟ್ಟು ಕೊಂದಿತು. 1956ರಲ್ಲಿ ಬಂದ ಕಾಯ್ದೆಯೊಂದರ ಪ್ರಕಾರ ಆ ದೇಶದ ಶಾಲೆ ಕಾಲೇಜುಗಳಲ್ಲಿ ಅವನ ಬದುಕು ಮತ್ತು ಬರಹಗಳನ್ನು ಕಲಿಸಲೇಬೇಕಾದ್ದರಿಂದ, ಸಿಸಾಳನ್ನು ಅರಿಯದ ವಿದ್ಯಾವಂತರು ಅಲ್ಲಿ ಸಿಗುವುದು ಕಷ್ಟ. ಹೆರಾರ್ಡೊ ಡೆ ಲಿಯೊನ್ 1951ರಲ್ಲಿ ಅವಳ ಹೆಸರಿನಲ್ಲೇ ಚಿತ್ರ ಮಾಡಿದಾಗ ಅನಿತಾ ಲಿಂಡಾ ಆ ಪಾತ್ರ ವಹಿಸಿದರು. 1999ರಲ್ಲಿ ಮಾರಿಯೊ ಓಹಾರಾ ಅದೇ ಹೆಸರಿನ ಇನ್ನೊಂದು ಚಿತ್ರದಲ್ಲಿ ಅವಳನ್ನು ರಿಸಾಲನ ಸ್ವಂತ ಬದುಕಿಗೇ ಹೆಣೆದರು. ಜುನ್ ರೊಬ್ಲೆಸ್ ಲಾನಾ 2025ರಲ್ಲಿ ಆ ಹೆಸರನ್ನು ಸ್ಪೇನ್‌ನ ಕಾಲದಿಂದ ಎತ್ತಿ, ಅಮೆರಿಕದ ಸೇನೆ ಬಂದ ಕಾಲಕ್ಕೆ ಒಯ್ದರು. ಕೆಲವೇ ಅಧ್ಯಾಯಗಳ ಒಬ್ಬ ಹೆಂಗಸು ಇಷ್ಟು ಬಾರಿ ತಿರುಗಿ ಬಂದಿದ್ದಾಳೆಂದರೆ, ಅವಳನ್ನು ಬರೆದವನು ಅವಳ ಸುತ್ತ ಎಷ್ಟು ಜಾಗ ಖಾಲಿ ಬಿಟ್ಟಿದ್ದನೆಂಬುದು ಅರ್ಥವಾಗುತ್ತದೆ.

ನಮ್ಮದೇ ಪಾತ್ರವೊಂದನ್ನು ಯಾಕೆ ಆರಿಸಲಿಲ್ಲವೆಂದು ನೀವು ಕೇಳಬಹುದು. ತುಳು ಜನಪದ ಹಾಡಾದ ಕೋಟಿ ಚೆನ್ನಯರ ಪಾಡ್ದನದ ದೇಯಿ ಬೈದೆತಿಯನ್ನೇ ನೋಡಿ: ಪಡುಮಲೆ ಬಲ್ಲಾಳನನ್ನು ಗುಣಪಡಿಸಿದ ಮದ್ದುಗಾರ್ತಿ, ಅವಳಿ ಮಕ್ಕಳನ್ನು ಹೆತ್ತು ಬೇಗನೆ ಸತ್ತವಳು. ಆದರೆ ಅವಳ ಮುಂದೆ ನಾವು ಕೈಮುಗಿದು ನಿಲ್ಲುತ್ತೇವೆ, ಕೈಮುಗಿದುಕೊಂಡು ಬರೆಯುವುದು ಕಷ್ಟ. ದೂರದ ಸಿಸಾಳ ಮೇಲೆ ಕೈ ಪಳಗಿದರೆ ಹತ್ತಿರದವರ ಬಗ್ಗೆ ಬರೆಯುವ ಧೈರ್ಯ ತಾನಾಗಿ ಬರುತ್ತದೆ.

ಮೊದಲ ಪರೀಕ್ಷೆ: ಅವಳು ಏನು ಮಾಡುತ್ತಾಳೆ?

ದುಃಖದ ಪಾತ್ರವನ್ನು ಆರಿಸುವಾಗ ಎಲ್ಲರೂ ಅವಳಿಗೆ ಏನೇನು ಆಯಿತು ಎಂಬುದನ್ನು ಪಟ್ಟಿ ಮಾಡುತ್ತಾರೆ. ಸಿಸಾಳ ಪಟ್ಟಿ ಹೀಗಿರುತ್ತದೆ: ಜೂಜುಕೋರ ಗಂಡ ಹೊಡೆಯುತ್ತಾನೆ, ಇಗರ್ಜಿಯಲ್ಲಿ ಗಂಟೆ ಬಾರಿಸುವ ಅವಳ ಇಬ್ಬರು ಗಂಡುಮಕ್ಕಳ ಮೇಲೆ, ಬಸೀಲಿಯೊ ಮತ್ತು ಕ್ರಿಸ್ಪಿನ್ ಮೇಲೆ, ಕಳವಿನ ಆರೋಪ ಬರುತ್ತದೆ, ಸಿವಿಲ್ ಗಾರ್ಡ್ ಎಂಬ ಪೊಲೀಸರು ಅವಳನ್ನು ಊರಿನ ನಡುವೆ ನಡೆಸಿಕೊಂಡು ಹೋಗುತ್ತಾರೆ, ಮಕ್ಕಳು ಕಾಣದೆ ಅವಳಿಗೆ ಚಿತ್ತ ಕೆಡುತ್ತದೆ, ಕ್ರಿಸ್‌ಮಸ್‌ನ ಹಿಂದಿನ ರಾತ್ರಿ, ಹಿರಿಯ ಮಗನ ಗುರುತು ಹಿಡಿದ ಗಳಿಗೆಯಲ್ಲೇ ಸಾಯುತ್ತಾಳೆ. ಈ ಪಟ್ಟಿಯಿಂದ ಚಿತ್ರ ಮಾಡಿದರೆ ಅರ್ಧ ಗಂಟೆ ಒಬ್ಬಳು ಪೆಟ್ಟು ತಿನ್ನುವುದನ್ನು ನೋಡಬೇಕಾಗುತ್ತದೆ. ನೋಡುವವರ ಕಣ್ಣಲ್ಲಿ ನೀರು ಬರುತ್ತದೆ, ಆದರೆ ಮನೆಗೆ ಹೋದ ಮೇಲೆ ಆ ಹೆಂಗಸಿನ ಮುಖ ನೆನಪಾಗುವುದಿಲ್ಲ.

ಆದ್ದರಿಂದ ಇನ್ನೊಂದು ಪಟ್ಟಿ ಮಾಡಿ, ಅದರಲ್ಲಿ ಅವಳು ತಾನಾಗಿ ಮಾಡಿದ ಕೆಲಸಗಳು ಮಾತ್ರ ಇರಲಿ. ಸಿಸಾ ಬಟ್ಟೆ ಹೊಲಿದು ಕಾಸು ಮಾಡುತ್ತಾಳೆ. ಮಕ್ಕಳು ಮನೆಗೆ ಬರುವ ರಾತ್ರಿಗೆಂದು ಅನ್ನ ಬೇಯಿಸುತ್ತಾಳೆ, ಸಣ್ಣ ಮೀನು ಹುರಿಯುತ್ತಾಳೆ, ಕಿರಿಯವನಿಗೆ ಇಷ್ಟವೆಂದು ತೋಟದ ಟೊಮೇಟೊ ಕೊಯ್ದು ಇಡುತ್ತಾಳೆ. ಊರಿನವರು ಕೆಲವರು ತತ್ವಜ್ಞಾನಿಯೆಂದೂ ಉಳಿದವರು ಹುಚ್ಚನೆಂದೂ ಕರೆಯುವ ಮುದುಕ ತಾಸಿಯೊ ಕೊಟ್ಟ ಕಾಡುಹಂದಿಯ ಒಣಮಾಂಸ ಮತ್ತು ಕಾಡುಬಾತಿನ ತೊಡೆಯನ್ನು ಜೋಪಾನವಾಗಿ ತೆಗೆದಿಡುತ್ತಾಳೆ. ಗಂಡ ಬಂದು ಅದೆಲ್ಲವನ್ನೂ ತಿಂದು ಹೋದ ಮೇಲೆ ಅತ್ತು, ಮತ್ತೆ ಒಲೆ ಹೊತ್ತಿಸುತ್ತಾಳೆ. ಮರುದಿನ ಇಗರ್ಜಿಯ ಅಡುಗೆಮನೆಗೆ ತನ್ನ ತೋಟದ ತರಕಾರಿಯನ್ನು ಹೊತ್ತು ಹೋಗುತ್ತಾಳೆ, ಏಕೆಂದರೆ ಬರಿಗೈಯಲ್ಲಿ ಹೋಗಿ ಮಗನನ್ನು ಕೇಳುವುದು ಅವಳಿಗೆ ಸರಿಯೆನಿಸುವುದಿಲ್ಲ. ಗಾರ್ಡ್‌ಗಳು ಹಿಡಿದೊಯ್ಯುವಾಗ, ಊರು ಹತ್ತಿರವಾದ ಮೇಲೆ ತನ್ನೊಡನೆ ಹೆಜ್ಜೆ ಹಾಕದೆ ಸ್ವಲ್ಪ ಹಿಂದಿನಿಂದ ಬರುವಂತೆ ಬೇಡಿಕೊಳ್ಳುತ್ತಾಳೆ. ಈ ಎರಡನೇ ಪಟ್ಟಿ ಬಡತನದಲ್ಲೂ ಮಾನವನ್ನು ಲೆಕ್ಕ ಹಾಕಿ ಬದುಕುವ, ಎಲ್ಲರಿಗೂ ಉಣಿಸಿ ಉಳಿದರೆ ಉಣ್ಣುವ ಒಬ್ಬ ಹೆಂಗಸನ್ನು ನಿಮ್ಮೆದುರು ತಂದು ನಿಲ್ಲಿಸುತ್ತದೆ. ನಿಮ್ಮ ಪಾತ್ರಕ್ಕೆ ಇಂಥ ಎರಡನೇ ಪಟ್ಟಿಯಲ್ಲಿ ಬರೆಯಲು ಏನೂ ಸಿಗದಿದ್ದರೆ ಆ ಪಾತ್ರವನ್ನು ಬಿಟ್ಟು ಬೇರೊಂದನ್ನು ಹುಡುಕಿ.

ಪದ್ಯವನ್ನು ಬರೆದಿಟ್ಟುಕೊಳ್ಳುವುದು

ಇನ್ನು ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ಎಡಪುಟದಲ್ಲಿ ಮೂಲ ಕೃತಿ ಆ ಪಾತ್ರದ ಬಗ್ಗೆ ಖಚಿತವಾಗಿ ಹೇಳಿರುವುದನ್ನೆಲ್ಲ ಅಧ್ಯಾಯದ ಸಂಖ್ಯೆಯೊಂದಿಗೆ ಬರೆಯಿರಿ. ಇದು ನಿಮ್ಮ ಪದ್ಯ. ಬಲಪುಟದಲ್ಲಿ ಕೃತಿ ಹೇಳದೆ ಬಿಟ್ಟಿರುವುದನ್ನು ಬರೆಯಿರಿ. ಅರ್ಥ ಬೆಳೆಯುವುದು ಅಲ್ಲಿ. ಎರಡನ್ನೂ ಒಂದೇ ಪುಟದಲ್ಲಿ ಬೆರೆಸಬೇಡಿ. ವಾರ ಕಳೆದ ಮೇಲೆ ರಿಸಾಲ್ ಬರೆದದ್ದು ಯಾವುದು, ನೀವು ಊಹಿಸಿದ್ದು ಯಾವುದು ಎಂಬುದು ನಿಮಗೇ ತಿಳಿಯದಂತಾಗುತ್ತದೆ. ನಾನು ಮೊದಲ ಬಾರಿ ಈ ಕೆಲಸ ಮಾಡಿದಾಗ ಇದೇ ತಪ್ಪು ಮಾಡಿದ್ದೆ. ನಾನೇ ಕಟ್ಟಿದ ಒಂದು ಸಂಗತಿಯನ್ನು ಮೂಲದಲ್ಲಿದೆಯೆಂದು ನಂಬಿ ಇಡೀ ದೃಶ್ಯವೊಂದನ್ನು ಅದರ ಮೇಲೆ ನಿಲ್ಲಿಸಿ, ಕೊನೆಗೆ ಎಲ್ಲವನ್ನೂ ಬಿಚ್ಚಬೇಕಾಯಿತು.

ಸಿಸಾಳ ಎಡಪುಟದಲ್ಲಿ ಬರುವ ಕೆಲವು ಸಂಗತಿಗಳು: ಅವಳ ಗುಡಿಸಲು ಸಾನ್ ಡಿಯೆಗೊ ಊರಿನಿಂದ ಸುಮಾರು ಒಂದು ಗಂಟೆಯ ನಡಿಗೆಯಷ್ಟು ದೂರದಲ್ಲಿದೆ. ಹಿರಿಯ ಮಗನಿಗೆ ಸುಮಾರು ಹತ್ತು ವರ್ಷ, ಕಿರಿಯವನು ಅವನಿಗಿಂತಲೂ ಸಣ್ಣವನು. ಬಸೀಲಿಯೊ ಗಂಟೆಯ ಹಗ್ಗ ಹಿಡಿದು ಗೋಪುರದಿಂದ ಇಳಿದು ಓಡಿ ಬರುವಾಗ ಗಾರ್ಡ್‌ಗಳು ಹಾರಿಸಿದ ಗುಂಡು ಹಣೆಯನ್ನು ಸವರಿ ಹೋಗಿರುತ್ತದೆ. ಮರದಿಂದ ಬಿದ್ದೆನೆಂದು ಊರಿನವರಿಗೆ ಹೇಳು ಎಂದು ಅವನು ತಾಯಿಗೆ ಹೇಳಿಕೊಡುತ್ತಾನೆ. ಅದೇ ರಾತ್ರಿ ಅವನು ಮುಂದಿನ ಬದುಕಿನ ಲೆಕ್ಕ ಹಾಕುತ್ತಾನೆ: ಗಂಟೆಯ ಕೆಲಸ ಬಿಟ್ಟು ಇಬಾರ್ರಾನ ದನ ಕಾಯುತ್ತೇನೆ, ತಮ್ಮ ತಾಸಿಯೊನ ಬಳಿ ಓದಲಿ, ನೀನು ಹೊಲಿಯುವುದು ಬೇಡ. ಆ ಲೆಕ್ಕದಲ್ಲಿ ಅಪ್ಪನಿಗೆ ಜಾಗವಿಲ್ಲವೆಂಬುದು ತಾಯಿಗೆ ತಿಳಿಯುತ್ತದೆ, ಅವಳು ಸದ್ದಿಲ್ಲದೆ ಅಳುತ್ತಾಳೆ. ತನ್ನನ್ನು ಹೊಡೆಯುವ ಗಂಡನಿಗಾಗಿಯೂ ಅಳುವ ಈ ಒಂದು ಸಾಲು ಇಡೀ ಚಿತ್ರಕ್ಕೆ ಸಾಕಾಗುವಷ್ಟು ಬೀಜವನ್ನು ಹೊಟ್ಟೆಯಲ್ಲಿಟ್ಟುಕೊಂಡಿದೆ. ಅದನ್ನು ಇಂದಿನ ಕಣ್ಣಿನಿಂದ ತಿದ್ದಬೇಕೆಂಬ ಆಸೆ ನಿಮಗೆ ಬರುತ್ತದೆ. ತಿದ್ದಬೇಡಿ. ಅವಳು ಯಾಕೆ ಅಳುತ್ತಾಳೆಂದು ಬಲಪುಟದಲ್ಲಿ ಹತ್ತು ಉತ್ತರ ಬರೆದು ನೋಡಿ. ಹತ್ತರಲ್ಲಿ ಒಂದಾದರೂ ನಿಮ್ಮ ಅಜ್ಜಿಯದೋ ದೊಡ್ಡಮ್ಮನದೋ ಆಗಿರುತ್ತದೆ.

ಬಲಪುಟದ ದೊಡ್ಡ ಖಾಲಿ ಎಂದರೆ ಕ್ರಿಸ್ಪಿನ್. ಅವನಿಗೆ ಕೊನೆಗೆ ಏನಾಯಿತೆಂಬುದನ್ನು ಕಾದಂಬರಿ ನಮ್ಮ ಕಣ್ಣೆದುರು ತೋರಿಸುವುದಿಲ್ಲ. ಬಹಳಷ್ಟು ಹೊಸ ಬರಹಗಾರರು ಅದನ್ನು ತುಂಬಲು ಓಡುತ್ತಾರೆ. ಅದು ಸಿಸಾಳಿಗೂ ಕೊನೆಯವರೆಗೆ ತಿಳಿಯದ ಸಂಗತಿ. ಅವಳ ಚಿತ್ತ ಕೆಟ್ಟದ್ದೇ ಆ ತಿಳಿಯದಿರುವಿಕೆಯಿಂದ. ನೀವದನ್ನು ತೋರಿಸಿಬಿಟ್ಟರೆ ನೋಡುವವನು ಅವಳಿಗಿಂತ ಹೆಚ್ಚು ತಿಳಿದವನಾಗಿ, ಅವಳಿಂದ ದೂರ ಸರಿದು ನಿಲ್ಲುತ್ತಾನೆ.

ನೋಟ್‌ಬುಕ್‌ನ ಕೊನೆಯ ಕೆಲವು ಪುಟಗಳನ್ನು ಬರೆದವನ ಬದುಕಿಗೆ ಮೀಸಲಿಡಿ. ರಿಸಾಲ್ ಬಾಲಕನಾಗಿದ್ದಾಗ ಅವನ ತಾಯಿ ತೆಯೊಡೋರಾ ಅಲೊನ್ಸೊ ಮೇಲೆ, ಬಂಧುವೊಬ್ಬರ ಹೆಂಡತಿಗೆ ವಿಷವಿಕ್ಕಲು ನೋಡಿದಳೆಂಬ ಸುಳ್ಳು ಆರೋಪ ಹೊರಿಸಿ, ಅವಳನ್ನು ಕಲಂಬಾದಿಂದ ಸಾಂತಾಕ್ರೂಸ್‌ವರೆಗೆ ಕಾಲ್ನಡಿಗೆಯಲ್ಲಿ ಒಯ್ದು, ಸುಮಾರು ಎರಡೂವರೆ ವರ್ಷ ಸೆರೆಯಲ್ಲಿಟ್ಟಿದ್ದರು. ಇದನ್ನು ಓದಿದ ಮೇಲೆ, ಊರ ಜನ ಪೂಜೆ ಮುಗಿಸಿ ಹೊರಬರುವ ಹೊತ್ತಿಗೆ ಸರಿಯಾಗಿ ಗಾರ್ಡ್‌ಗಳೊಂದಿಗೆ ಬೀದಿಯಲ್ಲಿ ನಡೆಯಬೇಕಾಗಿ ಬಂದ ಸಿಸಾಳ ತಲೆ ಎಷ್ಟು ತಗ್ಗಿತ್ತೆಂಬುದನ್ನು ಬೇರೆಯವರು ವಿವರಿಸಬೇಕಾಗಿಲ್ಲ. ಆದರೆ ಈ ಸಂಗತಿಯನ್ನು ಚಿತ್ರದೊಳಕ್ಕೆ ತುರುಕಬೇಡಿ. ನಟಿಗೆ ಹೇಳಿ, ಕ್ಯಾಮೆರಾ ಹಿಡಿಯುವವರಿಗೆ ಹೇಳಿ, ಅಷ್ಟು ಸಾಕು.

ಓದುವುದಕ್ಕೆ ಚಾರ್ಲ್ಸ್ ಡರ್ಬಿಶೈರ್ 1912ರಲ್ಲಿ ಮಾಡಿದ ಇಂಗ್ಲಿಷ್ ಅನುವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿ ಸಿಗುತ್ತದೆ. ರಿಸಾಲನ ಮೂಲ ಕೃತಿಗೆ ಈಗ ಹಕ್ಕುದಾರರಿಲ್ಲ. ಆದರೆ ಇತ್ತೀಚಿನ ಅನುವಾದಗಳ ಮಾತುಗಳಿಗೆ ಅನುವಾದಕರ ಹಕ್ಕಿರುತ್ತದೆ, ಅವುಗಳಿಂದ ಸಂಭಾಷಣೆಯನ್ನು ಎತ್ತಬೇಡಿ.

ಅವಳಿಗೆ ಕಾಣದ್ದು ಕ್ಯಾಮೆರಾಕ್ಕೂ ಕಾಣದಿರಲಿ

ಇಡೀ ಬರಹದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಉಪಪಾತ್ರವೊಂದು ಮುಖ್ಯಪಾತ್ರವಾಗುವುದು ಅವಳಿಗೆ ಹೆಚ್ಚು ದೃಶ್ಯಗಳನ್ನು ಕೊಟ್ಟಾಗ ಆಗುವ ಸಂಗತಿಯಲ್ಲ. ಅವಳು ಇಲ್ಲದ ದೃಶ್ಯಗಳನ್ನು ತೆಗೆದಾಗ ಆಗುವ ಸಂಗತಿ.

ಕಾದಂಬರಿಯಲ್ಲಿ ಗಂಟೆಗೋಪುರದ ಅಧ್ಯಾಯವಿದೆ. ಹೊರಗೆ ಬಿರುಗಾಳಿ, ಒಳಗೆ ಇಬ್ಬರು ಹುಡುಗರು. ತಿಂಗಳಿಗೆ ಎರಡು ಪೆಸೊ ಸಂಬಳದ ಮಕ್ಕಳ ಮೇಲೆ ಎರಡು ಚಿನ್ನದ ನಾಣ್ಯ, ಅಂದರೆ 32 ಪೆಸೊ, ಕದ್ದ ಆರೋಪ. ಅವರ ಮೇಲಿನವನಾದ ಹಿರಿಯ ಸಕ್ರಿಸ್ತಾನ್, ಅಂದರೆ ಇಗರ್ಜಿಯ ಸೇವಕ, ಬಂದು, ಗಂಟೆ ಸರಿಯಾಗಿ ಬಾರಿಸಲಿಲ್ಲವೆಂದು ದೊಡ್ಡವನಿಗೆ ದಂಡ ಹಾಕಿ, ಚಿಕ್ಕವನನ್ನು ಎಳೆದುಕೊಂಡು ಹೋಗುತ್ತಾನೆ. ಬರೆಯಲು ಕೂತವರಿಗೆ ಇದು ಕೈತುಂಬ ಸಿಕ್ಕ ದೃಶ್ಯ. ಬೆಳಕು, ನೆರಳು, ಗಾಳಿ, ಹಗ್ಗ ಎಲ್ಲವೂ ಇದೆ. ಆದರೆ ಸಿಸಾ ಅಲ್ಲಿಲ್ಲ. ಅವಳು ಒಂದು ಗಂಟೆ ದೂರದ ಗುಡಿಸಲಿನಲ್ಲಿ ಒಲೆಯ ಮುಂದೆ ಕೂತಿದ್ದಾಳೆ. ನಿಮ್ಮ ಚಿತ್ರ ಅವಳದಾದರೆ ಆ ಗೋಪುರವನ್ನು ಬಿಟ್ಟುಕೊಡಿ. ಅವಳ ಕಡೆ ಇರುವುದು ಒಂದೇ: ಗಾಳಿ ಬೀಸಿದಾಗ ಕೇಳಿಸಿ, ಬೀಸದಾಗ ನಿಂತುಹೋಗುವ ಗಂಟೆಯ ಸದ್ದು. ಗಂಟೆ ಕೇಳಿಸುವಷ್ಟು ಹೊತ್ತು ಮಕ್ಕಳು ಕೆಲಸದಲ್ಲಿದ್ದಾರೆಂದು ಅವಳಿಗೆ ಸಮಾಧಾನ. ನಿಂತಾಗ, ಇನ್ನು ಹೊರಟಿರಬಹುದೆಂದು ಅವಳು ದಾರಿಯ ಲೆಕ್ಕ ಹಾಕುತ್ತಾಳೆ. ಒಳಗೆ ನಡೆಯುತ್ತಿರುವುದು ಏನೆಂದು ಗೊತ್ತಿಲ್ಲದೆ ಅವಳು ಮೀನು ಮಗುಚುವುದನ್ನು ತೋರಿಸಿ. ಗೋಪುರದಲ್ಲಿ ಹತ್ತು ನಿಮಿಷದಲ್ಲಿ ಹೇಳಬಹುದಾದ ಭಯ ಇಲ್ಲಿ ಒಂದೇ ನಿಮಿಷದಲ್ಲಿ ಬಂದು ಕೂರುತ್ತದೆ.

ಇದೇ ನಿಯಮವನ್ನು ಪ್ರತಿ ದೃಶ್ಯಕ್ಕೂ ಹಿಡಿಯಿರಿ. ಇಬಾರ್ರಾನ ಪ್ರೇಮ, ಪಾದ್ರಿಗಳ ಒಳಸಂಚು, ಊರಿನ ಹಬ್ಬದ ರಾಜಕೀಯ ಎಲ್ಲವೂ ಅವಳಿಗೆ ಬೇಲಿಯಾಚೆಯ ಮಾತುಗಳು. ಊರಿನ ದೊಡ್ಡ ಕಥೆ ಅವಳ ಅಂಗಳಕ್ಕೆ ಬರುವಾಗ ತುಂಡುತುಂಡಾಗಿ ಬರಲಿ. ಅಡುಗೆಯವನ ಬಾಯಲ್ಲಿ ಒಂದು ಸಾಲು, ಗಾರ್ಡ್‌ನ ಬೈಗುಳದಲ್ಲಿ ಒಂದು ಹೆಸರು. ನಿರ್ಮಾಪಕರು ಅಥವಾ ಸ್ನೇಹಿತರು “ಜನರಿಗೆ ಹಿನ್ನೆಲೆ ಗೊತ್ತಾಗಬೇಡವೇ?” ಎಂದು ಕೇಳಿಯೇ ಕೇಳುತ್ತಾರೆ. ಅವಳಿಗೆ ಗೊತ್ತಾದಷ್ಟು ಗೊತ್ತಾದರೆ ಸಾಕು ಎಂದು ಹೇಳಿ ಗಟ್ಟಿಯಾಗಿ ನಿಲ್ಲಿ.

ಎದುರಾಳಿಗಳ ವಿಷಯದಲ್ಲಿಯೂ ಈ ನೋಟ ನೆರವಾಗುತ್ತದೆ. ಸಿಸಾ ಹುಚ್ಚಿಯಾಗಿ ಅಲೆಯುವಾಗ, ಗಾರ್ಡ್‌ಗಳ ಅಧಿಕಾರಿಯ ಹೆಂಡತಿ ಡೊನ್ಯಾ ಕೊನ್ಸೊಲಾಸಿಯೊನ್ ಅವಳನ್ನು ಕರೆಸಿ ಹಾಡಿಸುತ್ತಾಳೆ. ತನಗೆ ಅಲ್ಲಿನ ಜನರ ತಗಾಲೋಗ್ ಭಾಷೆ ಬಾರದೆಂದು ತೋರಿಸಿಕೊಂಡು ಬದುಕುವ ಈ ಹೆಂಗಸು, ಹಾಡು ಎದೆಗೆ ತಟ್ಟಿದಾಗ ತನಗರಿವಿಲ್ಲದೆ ತಗಾಲೋಗ್‌ನಲ್ಲೇ ನಿಲ್ಲಿಸು ಎಂದುಬಿಡುತ್ತಾಳೆ. ಗುಟ್ಟು ಹೊರಬಿದ್ದ ಸಿಟ್ಟಿನಲ್ಲಿ ಚಾಟಿ ಹಿಡಿದು ಸಿಸಾಳನ್ನು ಕುಣಿಸುತ್ತಾಳೆ. ಅವಳೂ ಗಂಡನಿಂದ ಪೆಟ್ಟು ತಿನ್ನುವವಳೇ. ಇದನ್ನೆಲ್ಲ ಸಂಭಾಷಣೆಯಲ್ಲಿ ವಿವರಿಸುವ ಅಗತ್ಯವಿಲ್ಲ. ಸಿಸಾಳ ಕಣ್ಣಿಗೆ ಬೀಳುವುದು ಆ ಹೆಂಗಸಿನ ಮುಖ ಒಂದು ಗಳಿಗೆ ಮೆದುವಾದದ್ದು, ಮರುಗಳಿಗೆ ಚಾಟಿ ಎದ್ದದ್ದು. ಆ ಎರಡರ ನಡುವಿನ ಒಂದು ಉಸಿರಿನಷ್ಟು ಹೊತ್ತನ್ನು ಸರಿಯಾಗಿ ಬರೆದರೆ ದೃಶ್ಯ ಗೆದ್ದಂತೆ.

ಚಿತ್ತ ಕೆಟ್ಟ ಹೆಂಗಸನ್ನು ಬರೆಯುವಾಗ

ಫಿಲಿಪೈನ್ಸ್‌ನಲ್ಲಿ ತಲೆಕೆದರಿ ಒಬ್ಬಳೇ ಮಾತಾಡಿಕೊಳ್ಳುವ ಹೆಂಗಸನ್ನು ‘ಸಿಸಾ’ ಎಂದು ಕರೆಯುವ ರೂಢಿ ಬಿದ್ದಿದೆ. ನಮ್ಮ ಪೇಟೆ, ಬಸ್‌ಸ್ಟ್ಯಾಂಡ್‌ಗಳಲ್ಲೂ ಇಂಥವರಿಗೆ ಜನ ಇಟ್ಟ ಹೆಸರುಗಳಿರುತ್ತವೆ. ಹೆಸರಿಟ್ಟ ಮೇಲೆ ಅವರ ಹಿಂದಿನ ಬದುಕನ್ನು ಯಾರೂ ಕೇಳುವುದಿಲ್ಲ. ನಿಮ್ಮ ಚಿತ್ರ ಆ ಹೆಸರನ್ನು ಬಿಚ್ಚಬೇಕಾದರೆ, ಕೆದರಿದ ಕೂದಲು, ಅಟ್ಟಹಾಸದ ನಗು, ಹರಿದ ಸೀರೆಯಿಂದ ಶುರುಮಾಡಬೇಡಿ. ಅವಳಾಡುವ ಪ್ರತಿ ಮಾತಿಗೂ ಅವಳ ಮಟ್ಟಿಗೆ ಅರ್ಥವಿರಲಿ. ಸೆರೆಯಿಂದ ಬಿಟ್ಟ ದಿನ ಮನೆಗೆ ಬಂದವಳಿಗೆ ಸಿಕ್ಕಿದ್ದು ಬಸೀಲಿಯೊನ ಅಂಗಿಯ ರಕ್ತದ ತುಂಡು ಮಾತ್ರ. ಅದಾದ ಮೇಲೆ ಅವಳು ಮಾಡುವುದೆಲ್ಲ ಹುಡುಕಾಟವೇ. ಹಕ್ಕಿಯೊಡನೆ ಮಾತಾಡಿದರೆ, ಹಕ್ಕಿ ದಾರಿಯನ್ನು ಮೇಲಿನಿಂದ ನೋಡಿರಬಹುದಲ್ಲವೇ?

ಬರೆಯುವಾಗ ಒಂದು ಅಭ್ಯಾಸ ಮಾಡಿ. ಹುಚ್ಚಿನ ಮೊದಲು ಅವಳಾಡಿದ ಅತಿ ಸಾಮಾನ್ಯವಾದ ಮಾತೊಂದನ್ನು ತೆಗೆದುಕೊಳ್ಳಿ. ನಮ್ಮ ಕಡೆಯ ಮಾತಿನಲ್ಲಿ ಬರೆಯುವುದಾದರೆ, ಮೊದಲ ರಾತ್ರಿ ಅವಳು “ಉಣ್ಲಿಕ್ಕೆ ಬಾ ಮಗಾ, ಗಂಜಿ ಆರ್ತದೆ” ಎನ್ನುತ್ತಾಳೆ. ಅರ್ಧ ಚಿತ್ರ ಕಳೆದ ಮೇಲೆ, ಬೀದಿಯಲ್ಲಿ ಎದುರಾದ ಅಪರಿಚಿತ ಹುಡುಗನಿಗೆ ಅದೇ ದನಿಯಲ್ಲಿ ಅದನ್ನೇ ಹೇಳಲಿ. ಧ್ವನಿ ಏರಿಸುವುದು ಬೇಡ, ಕಣ್ಣು ತಿರುಗಿಸುವುದು ಬೇಡ. ಹುಡುಗ ಹೆದರಿ ಹಿಂದೆ ಸರಿದರೆ ಸಾಕು. ಬರೆದ ಮೇಲೆ, ಮನೋರೋಗಿಗಳ ಆರೈಕೆಯಲ್ಲಿ ಕೆಲಸ ಮಾಡಿದ ಒಬ್ಬರಿಗೆ ಓದಲು ಕೊಡಿ; ಅವರು ಸುಳ್ಳೆಂದ ಸಾಲನ್ನು ವಾದ ಮಾಡದೆ ತೆಗೆಯಿರಿ.

ಅವಳನ್ನು ದೇಶಮಾತೆಯ ಪ್ರತಿಮೆಯಾಗಿ ಓದುವ ರೂಢಿಯೂ ಅಲ್ಲಿದೆ. ಆ ಓದು ತಪ್ಪಲ್ಲ, ಆದರೆ ಅದು ನೋಡುವವರಿಗೆ ಬಿಟ್ಟದ್ದು. ಬರೆಯುವವರ ತಲೆಯಲ್ಲಿ ಪ್ರತಿಮೆ ಹೊಕ್ಕರೆ ಕೈಯಲ್ಲಿರುವ ಮೀನು ಸೀಯುತ್ತದೆ.

ನಮ್ಮೂರಿಗೆ ತರುವುದಾದರೆ

ಸಾನ್ ಡಿಯೆಗೊವನ್ನು ಇಲ್ಲಿ ಕಟ್ಟುವಷ್ಟು ಹಣ ಯಾರಲ್ಲೂ ಇರುವುದಿಲ್ಲ, ಆದ್ದರಿಂದ ಕಥೆಯನ್ನು ಕರಾವಳಿಗೆ ತರುವುದು ಸಹಜ. ಹೊರಗಿನ ಹೋಲಿಕೆಗಳು ಸುಲಭವಾಗಿ ಸಿಗುತ್ತವೆ: ಕೋಳಿ ಕಾಳಗದಲ್ಲಿ ಹಣ ಕಳೆಯುವ ಗಂಡನಿಗೆ ನಮ್ಮ ಕೋಳಿ ಅಂಕವಿದೆ, ಹೊಲಿಗೆಯ ಬದಲು ಬೀಡಿ ಕಟ್ಟುವ ಕೆಲಸವಿದೆ, ಅನ್ನ ಮತ್ತು ಸಣ್ಣ ಮೀನಿನ ಬದಲು ಕುಚ್ಚಲಕ್ಕಿ ಗಂಜಿ ಮತ್ತು ಸುಟ್ಟ ಒಣಮೀನು ಇದೆ. ಎಡವುವುದು ಇಗರ್ಜಿಯ ವಿಷಯದಲ್ಲಿ. ಅಲ್ಲಿ ಇಗರ್ಜಿ ಇದೆ, ಇಲ್ಲಿಯೂ ಇಗರ್ಜಿಗಳಿವೆ ಎಂದು ನೇರವಾಗಿ ತಂದು ಕೂರಿಸಿದರೆ ಕಥೆ ಸುಳ್ಳಾಗುತ್ತದೆ. ಸ್ಪೇನ್‌ನ ಆಳ್ವಿಕೆಯಲ್ಲಿ ಅಲ್ಲಿನ ಸನ್ಯಾಸಿ ಪಾದ್ರಿಗಳ ಸಂಘಗಳ ಕೈಯಲ್ಲಿ ವಿಸ್ತಾರವಾದ ಭೂಮಿಯಿತ್ತು, ಊರಿನ ಆಡಳಿತದ ಮೇಲೆ ಹಿಡಿತವಿತ್ತು. ಕರಾವಳಿಯ ಕ್ರೈಸ್ತರ ಚರಿತ್ರೆ ಬೇರೆಯೇ. ಹದಿನೆಂಟನೇ ಶತಮಾನದ ಕೊನೆಗೆ ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ನಡೆದುಹೋದ ನೆನಪು ಆ ಮನೆಗಳಲ್ಲಿ ಇಂದಿಗೂ ಇದೆ. ವೇಷ ಒಂದೇ ಎಂದ ಮಾತ್ರಕ್ಕೆ ಅಧಿಕಾರ ಒಂದೇ ಆಗುವುದಿಲ್ಲ.

ಆದ್ದರಿಂದ ಹುಡುಕಬೇಕಾದ್ದು, ನಮ್ಮಲ್ಲಿ ಆ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದನ್ನು. ಮಕ್ಕಳನ್ನು ಕೆಲಸಕ್ಕಿಟ್ಟುಕೊಂಡವರು ಯಾರು, ಯಾರು ಹೇಳಿ ಕಳಿಸಿದರೆ ಪೊಲೀಸರು ಮರುಮಾತಿಲ್ಲದೆ ಬರುತ್ತಿದ್ದರು, ಯಾರು ಮುನಿದರೆ ಗುಡಿಸಲು ಬಿಡಬೇಕಾಗುತ್ತಿತ್ತು? 1974ರ ಭೂಸುಧಾರಣೆಗೆ ಮೊದಲಿನ ಚಾಲಗೇಣಿಯ ಕಾಲ ಒಂದು ಉತ್ತರ. ಧಣಿ ಮನಸ್ಸು ಮಾಡಿದರೆ ಒಕ್ಕಲೆಬ್ಬಿಸಬಹುದಾಗಿದ್ದ ಕಾಲ ಅದು. ನನಗೆ ಹೆಚ್ಚು ಹಿಡಿಸಿದ ಇನ್ನೊಂದು ಉತ್ತರ ಹಂಚಿನ ಕಾರ್ಖಾನೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದ ಮೇಲೆ ನದಿದಂಡೆಯುದ್ದಕ್ಕೂ ಅಂಥವು ಎದ್ದವು. ಕಲ್ಪನೆಯ ಒಂದು ಕಾರ್ಖಾನೆಯಲ್ಲಿ ಇಬ್ಬರು ಹುಡುಗರು ಆವೆಮಣ್ಣು ಹೊರುತ್ತಾರೆ. ಸಣ್ಣ ತಪ್ಪಿಗೂ ಕೂಲಿ ಮುರಿಯುವ ಮೇಸ್ತ್ರಿ ಆ ಹಿರಿಯ ಸಕ್ರಿಸ್ತಾನ್‌ನ ಜಾಗದಲ್ಲಿ ಅಳತೆಗೆ ಸರಿಯಾಗಿ ಕೂರುತ್ತಾನೆ. ಗಂಟೆಯ ಬದಲು ಪಾಳಿ ಮುಗಿದಾಗ ಕೂಗುವ ಸೈರನ್ ಇರುತ್ತದೆ, ಅದು ನದಿಯಾಚೆಗೂ ಕೇಳುತ್ತದೆ. ಅಲ್ಲಿ ಬೀಡಿ ಕಟ್ಟುತ್ತಾ ಕೂತ ತಾಯಿಯ ಕೈ ಸೈರನ್ ಕೇಳಿದೊಡನೆ ನಿಲ್ಲುತ್ತದೆ, ಅವಳು ಎದ್ದು ಒಲೆಯ ಕಡೆ ಹೋಗುತ್ತಾಳೆ. ಈ ಒಂದು ಚಲನೆ ಸಿಕ್ಕಿದ ಮೇಲೆ ಸಿಸಾ ಎಂಬ ಹೆಸರನ್ನು ಇಟ್ಟುಕೊಳ್ಳುವುದೋ ಬಿಡುವುದೋ ನಿಮ್ಮಿಷ್ಟ. ನಾನಾದರೆ ಬಿಡುತ್ತೇನೆ, ಆದರೆ ಟೈಟಲ್ ಕಾರ್ಡ್‌ನಲ್ಲಿ ರಿಸಾಲನ ಋಣವನ್ನು ಬರೆಯುತ್ತೇನೆ.

ಕೊನೆಯ ರಾತ್ರಿ

ಕಾದಂಬರಿಯ ಕೊನೆಯ ಭಾಗದಲ್ಲಿ, ಬೆಟ್ಟದ ಕುಟುಂಬವೊಂದರ ಆಶ್ರಯದಲ್ಲಿ ಉಳಿದುಕೊಂಡಿದ್ದ ಬಸೀಲಿಯೊ ಕ್ರಿಸ್‌ಮಸ್ ಹಿಂದಿನ ದಿನ ತಾಯಿಯನ್ನು ಹುಡುಕಿ ಊರಿಗೆ ಬರುತ್ತಾನೆ. ಅವಳ ದನಿ ಕೇಳಿ ಗುರುತಿಸಿ ಹಿಂದೆ ಓಡಿದರೆ, ಅವಳು ಹೆದರಿ ಕಾಡಿನ ಹಳೆಯ ಸಮಾಧಿಯ ಕಡೆಗೆ ಓಡುತ್ತಾಳೆ. ಅವನು ಮರ ಹತ್ತಿ, ಒಳಗೆ ಬಿದ್ದು ಮೂರ್ಛೆ ಹೋಗುತ್ತಾನೆ. ಅವನ ಮುಖ ನೋಡುತ್ತಾ ನೋಡುತ್ತಾ ಅವಳಿಗೆ ಬುದ್ಧಿ ಮರಳುತ್ತದೆ, ಮಗನನ್ನು ತಬ್ಬುತ್ತಾಳೆ, ಸಾಯುತ್ತಾಳೆ. ಅವನು ಕಣ್ಣು ತೆರೆಯುವಷ್ಟರಲ್ಲಿ ತಾಯಿ ಇಲ್ಲ. ಆಮೇಲೆ ಇಬಾರ್ರಾನ ಸಂಗಾತಿ ಎಲಿಯಾಸ್ ಗಾಯಗೊಂಡು ಬಂದು ಚಿತೆಗೆ ಕಟ್ಟಿಗೆ ಒಟ್ಟಲು ಹೇಳುತ್ತಾನೆ.

ಇದನ್ನು ಬದಲಾಯಿಸುವ ಹಕ್ಕು ನಿಮಗಿದೆ. ಹಿಂದಿನ ನಿರ್ದೇಶಕರೂ ತಮ್ಮ ಹಕ್ಕನ್ನು ಬಳಸಿದ್ದಾರೆ. ಆದರೆ ಅವಳನ್ನು ಬದುಕಿಸುವುದಾದರೆ, ಬದುಕಲು ಬೇಕಾದ ದಾರಿಯನ್ನು ಮೊದಲ ಹತ್ತು ನಿಮಿಷದಲ್ಲೇ ಎಲ್ಲಾದರೂ ಇಟ್ಟಿರಬೇಕು, ಕೊನೆಯಲ್ಲಿ ಕರುಣೆಯಿಂದ ಕೊಡಬಾರದು. ನನ್ನ ಅಭಿಪ್ರಾಯದಲ್ಲಿ ಸಾವು ಇರಲಿ, ಚಿತೆ ಬೇಡ. ಚಿತೆ ಮಗನ ಕಥೆಗೆ ಸೇರಿದ್ದು, ಅವನು ಮುಂದಿನ ಕಾದಂಬರಿಯಲ್ಲಿ ವೈದ್ಯಕೀಯ ವಿದ್ಯಾರ್ಥಿಯಾಗಿ ಮರಳುತ್ತಾನೆ. ತಾಯಿಯ ಕಥೆ ಮಗನ ಮುಖ ಗುರುತು ಸಿಕ್ಕಲ್ಲಿಗೆ ಮುಗಿಯಿತು. ಅವಳ ಕಣ್ಣು ಮುಚ್ಚಿದ ಮೇಲೆ ನಿಮ್ಮ ಕ್ಯಾಮೆರಾಕ್ಕೆ ಅಲ್ಲಿ ಕೆಲಸವಿಲ್ಲ.

ಚಿತ್ರೀಕರಣಕ್ಕೆ ಮೊದಲು ಒಂದು ಕೂಟ

ಬರೆದಾದ ಮೇಲೆ ನಾಲ್ಕೈದು ಮಂದಿಯನ್ನು ಚಾವಡಿಯಲ್ಲಿ ಕೂರಿಸಿ, ತಾಳಮದ್ದಳೆಯ ಹಾಗೆಯೇ, ವೇಷವಿಲ್ಲದೆ, ಎದ್ದು ನಟಿಸದೆ, ಬರಿ ಮಾತಿನಲ್ಲಿ ಚಿತ್ರಕಥೆಯನ್ನು ಓದಿಸಿ. ದೃಶ್ಯದ ವಿವರಣೆಯನ್ನು ಒಬ್ಬರು ಭಾಗವತರ ಸ್ಥಾನದಲ್ಲಿ ಕೂತು ಓದಲಿ. ಕೇಳುಗರಲ್ಲಿ ಇಬ್ಬರಾದರೂ ಮನೆಯಲ್ಲಿ ದಿನಾಲೂ ಅಡುಗೆ ಮಾಡುವ ಹೆಂಗಸರಿರಲಿ, ಏಕೆಂದರೆ ಒಲೆ, ಗಂಜಿ, ಮೀನಿನ ವಿಷಯದಲ್ಲಿ ನೀವು ಬರೆದ ತಪ್ಪುಗಳನ್ನು ಅವರು ಕೂಡಲೇ ಹಿಡಿಯುತ್ತಾರೆ. ನೀವು ಓದಬೇಡಿ, ಕೇಳುಗರ ಮುಖ ನೋಡುತ್ತಾ ಕೂತಿರಿ. ಅವರು ಮೊಬೈಲ್ ಕಡೆ ನೋಡಿದ ಜಾಗದಲ್ಲಿ ನೋಟ್‌ಬುಕ್‌ನಲ್ಲಿ ಗೆರೆ ಎಳೆಯಿರಿ. ಅಲ್ಲೆಲ್ಲ ನೀವು ಸಿಸಾಳನ್ನು ಬಿಟ್ಟು ಬೇರೆಯವರ ಹಿಂದೆ ಹೋಗಿರುತ್ತೀರಿ.

ಇನ್ನೊಂದು ಕೆಲಸವನ್ನು ಮಳೆಗಾಲ ಹಿಡಿಯುವ ಮೊದಲೇ ಮುಗಿಸಿಕೊಳ್ಳಿ. ಶಬ್ದ ಹಿಡಿಯುವವರನ್ನು ಕರೆದುಕೊಂಡು ಒಂದು ಸಂಜೆ ಕಲ್ಯಾಣಪುರದ ಮಿಲಾಗ್ರಿಸ್ ಕ್ಯಾಥೆಡ್ರಲ್‌ನಿಂದ ಹೊರಟು, ಸುವರ್ಣಾ ನದಿಯ ಕಡೆ ಗದ್ದೆಬದುಗಳ ಮೇಲೆ ಒಂದು ಗಂಟೆ ನಡೆಯಿರಿ. ಹತ್ತು ನಿಮಿಷಕ್ಕೊಮ್ಮೆ ನಿಂತು ಕಿವಿಗೊಡಿ. ಗಂಟೆ ಎಲ್ಲಿಯವರೆಗೆ ಗಂಟೆಯಾಗಿ ಕೇಳುತ್ತದೆ, ಎಲ್ಲಿಂದಾಚೆ ಅದು ಗಾಳಿಯಲ್ಲಿ ಬೆರೆತು ಗಂಟೆಯೋ ಭ್ರಮೆಯೋ ಎಂದು ಅನುಮಾನವಾಗುತ್ತದೆ ಎಂಬುದನ್ನು ಗುರುತು ಮಾಡಿಕೊಳ್ಳಿ. ಅನುಮಾನ ಶುರುವಾದ ಜಾಗದಲ್ಲಿ ಅವಳ ಗುಡಿಸಲು ಹಾಕಿ.